ಎಂಟು ಕೇಜಿಯ ಕೂಸು

ಎಲ್ಲ ಅನಾಹುತಕ್ಕೂ ಕಾರಣ ಒಂದು ಪೆನ್ಸಿಲ್ ಚುಕ್ಕಿ. ಅದು ಸಾಸಿವೆ ಕಾಳಿಗಿಂತ ದೊಡ್ಡದಿರಲಿಲ್ಲ. ಎರಡು ತಿಂಗಳ ಹಿಂದೆ ನರ್ಸ್ ಕಾವೇರಮ್ಮ ಪುಟ್ಟಲಿಂಗಯ್ಯನ ಆರು ತಿಂಗಳ ಮಗನನ್ನು ತೂಗಿ, ಐದೂ ಮುಕ್ಕಾಲು ಕೇಜಿ ಎಂದು ಕಾರ್ಡಿನಲ್ಲಿ ಆ ಚುಕ್ಕಿ ಇಟ್ಟಿದ್ದಳು. ಕಾರ್ಡಿನ ಮೇಲೆ ಒಂದು ಗೆರೆ ಇತ್ತು. ಚುಕ್ಕಿ ಗೆರೆಯ ಕೆಳಗೆ ಬಿದ್ದಿತ್ತು.

"ಆರು ತಿಂಗಳಾದ್ಮೇಲೆ ಬರೀ ಎದೆಹಾಲು ಸಾಲಲ್ಲ. ಹಾಲಿನ ಜೊತೆಗೆ ರಾಗಿ ಸರಿ, ಬೇಳೆಕಟ್ಟು, ಕಿವುಚಿದ ಬಾಳೆಹಣ್ಣು ಕೊಡಿ, ಮೇಲೊಂದು ಚಮಚ ತುಪ್ಪ ಹಾಕಿ. ಒಂದೇ ಸಲಕ್ಕೆ ತುರುಕಬೇಡಿ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ" ಎಂದು ಹೇಳಿ ಹೋಗಿದ್ದಳು. ಹೇಳಿದ್ದು ಅವನ ಹೆಂಡತಿ ಸರಸಮ್ಮನಿಗೆ. ಪುಟ್ಟಲಿಂಗಯ್ಯ ಆಗ ಹುಳುಮನೆಯಲ್ಲಿದ್ದ.

ರಾಮನಗರ–ಮಾಗಡಿ ರಸ್ತೆಯ ಪಕ್ಕದ ಆ ಊರಿನಲ್ಲಿ ಆ ವರ್ಷಗಳಲ್ಲಿ ಎಲ್ಲರೂ ಹುಳುಮನೆಯಲ್ಲೇ ಇರುತ್ತಿದ್ದರು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಮನೆಯಲ್ಲಿ ನಡುಮನೆ ರೇಷ್ಮೆಹುಳುವಿಗೆ, ಮೂಲೆ ಮನುಷ್ಯರಿಗೆ. ಹುಳುಮನೆಯ ಶಾಖ ಎಷ್ಟು ಡಿಗ್ರಿ ಎಂದು ನಿದ್ದೆಯಲ್ಲಿ ಕೇಳಿದರೂ ಪುಟ್ಟಲಿಂಗಯ್ಯ ಹೇಳುತ್ತಿದ್ದ. ಮಗನಿಗೆ ಎಷ್ಟು ಹಲ್ಲು ಬಂದಿವೆ ಎಂದರೆ ಹೆಂಡತಿಯ ಮುಖ ನೋಡುತ್ತಿದ್ದ. ಹೋದ ತಿಂಗಳು ನರ್ಸ್ ಬಂದಾಗ ಹುಳು ಪೊರೆ ಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಹೊರಗಿನವರು ಕಾಲಿಟ್ಟರೆ ಬೆಳೆ ಕೆಡುತ್ತದೆಂದು ಅವಳನ್ನು ಬೀದಿಯಿಂದಲೇ ವಾಪಸು ಕಳಿಸಿದ್ದ.

ಚುಕ್ಕಿಯ ಸುದ್ದಿ ಕುದೂರಿನಲ್ಲಿದ್ದ ಮಾವ ಕೆಂಪಯ್ಯನಿಗೆ ಮುಟ್ಟಿತು. ನರ್ಸ್ ಮತ್ತೆ ಬರುವ ದಿನ ಅವರು ಮೊದಲ ಬಸ್ಸಿಗೇ ಬಂದಿಳಿದರು. ಹುಳುವಿಗೆ ಸೋಂಕು ತಗಲದಂತೆ ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ಮೆಟ್ಟಿಕೊಂಡು ಒಳಗೆ ಬನ್ನಿ ಎಂದು ಅಳಿಯ ಕರೆದದ್ದಕ್ಕೆ ಒಳಗೇ ಬರದೆ ಜಗಲಿಯ ಮೇಲೆ ಕೂತರು.

"ನೋಡಪ್ಪಾ ಲಿಂಗಯ್ಯ, ಇವತ್ತು ಆ ಚುಕ್ಕಿ ಗೆರೆ ಮ್ಯಾಕೆ ಬರ್ನಿಲ್ಲ ಅಂದ್ರೆ ಮಗಳ್ನೂ ಕೂಸ್ನೂ ಹನ್ನೆರಡು ಗಂಟೆ ಬಸ್ಸಿಗೆ ಕರ್ಕಂಡೋಯ್ತೀನಿ. ಮೂರ್ ತಿಂಗ್ಳು ಈ ಕಡೆ ಕಳ್ಸಕಿಲ್ಲ."

"ಮಾವ, ಇನ್ನೆಲ್ಡು ದಿನಕ್ಕೆ ಹುಳ ಹಣ್ಣಾಯ್ತವೆ."

"ಆಗ್ಲಿ ಬುಡು. ನೀನು ಹುಳ ಸಾಕು, ನಾನು ಮೊಮ್ಮಗನ್ನ ಸಾಕ್ತೀನಿ."

ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಊರಿನಲ್ಲೇ ಸರಸಮ್ಮನಂಥ ಕೈ ಇನ್ನೊಂದಿಲ್ಲ. ಅವಳು ಹೋದರೆ ಹುಳು ಸೊಪ್ಪಿನ ಕಸದಲ್ಲಿ, ಗೋಡೆಯ ಮೇಲೆ, ಕೊನೆಗೆ ಅವನ ಅಂಗಿಯ ಜೇಬಿನಲ್ಲೂ ಗೂಡು ಕಟ್ಟಿಕೊಳ್ಳುತ್ತವೆ.

ಸರಸಮ್ಮ ಒಳಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಅವಳನ್ನು ಕರೆದರೆ ಹುಳು ಉಪವಾಸ. ನರ್ಸ್ ಬರುವುದಕ್ಕೆ ಮೂರು ಗಂಟೆ ಇತ್ತು. ಪುಟ್ಟಲಿಂಗಯ್ಯ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದ. ಬೇಲಿಯಾಚೆ ಏಳು ಮಕ್ಕಳನ್ನು ಸಾಕಿದ ಅಂಕಮ್ಮ ಪಾತ್ರೆ ಉಜ್ಜುತ್ತಿದ್ದಳು.

"ಅಂಕಮ್ಮ, ಮೂರ್ ಗಂಟೇಲಿ ಕೂಸ್ನ ಒಂದ್ ಕೇಜಿ ಏರಿಸ್ಬೌದಾ?"

"ಹಂದಿಮರಿ ಆದ್ರೂ ಆಗಕಿಲ್ಲ ಕಣಪ್ಪ" ಎಂದ ಅಂಕಮ್ಮ, ಕೈ ತೊಳೆದುಕೊಂಡು ಸೆರಗಿಗೆ ಒರೆಸುತ್ತಾ ಬಂದಳು. "ಆದ್ರೂ ತಾ ನೋಡಾನ."

ಅವಳು ಒಂದು ಬಟ್ಟಲು ರಾಗಿ ಸರಿ ತಂದುಕೊಟ್ಟಳು. ಗೂಡು ಕಟ್ಟುವ ಮುಂಚಿನ ಹುಳುವಿಗೆ ಸೊಪ್ಪು ಸುರಿದಂತೆ ಪುಟ್ಟಲಿಂಗಯ್ಯ ಮಗನಿಗೆ ಸುರಿಯತೊಡಗಿದ. ನಾಲ್ಕು ಚಮಚ ಮಗು ಚಪ್ಪರಿಸಿಕೊಂಡು ತಿಂದಿತು. ಐದನೆಯದನ್ನು ತುಟಿ ಅದುರಿಸಿ ಅಪ್ಪನ ಮುಖಕ್ಕೆ ಊದಿತು. ಒಂಬತ್ತನೆಯದಕ್ಕೆ ಮೊದಲ ಎಂಟೂ ವಾಪಸು ಬಂದವು. ಆಮೇಲೆ, ಅಷ್ಟು ಸಾಲದೆಂಬಂತೆ, ನಿನ್ನೆಯದೂ ಕೆಳಗಿನ ದಾರಿಯಿಂದ ಹೊರಟುಹೋಯಿತು.

ಅಂಕಮ್ಮ ಮಗುವನ್ನು ತೊಳೆದು, ಕೈಯಲ್ಲಿ ಎತ್ತಿ ನೋಡಿ ಹೇಳಿದಳು: "ಆಗ್ಲೇ ಇದ್ದಿದ್ಕಿಂತ ಒಸಿ ಕಮ್ಮಿ ಆಗೋಗೈತೆ ಕಣ್ಲಾ."

"ಈಗೇನ್ ಮಾಡ್ಲಿ?"

"ಒಳಗಿಂದ ತುಂಬಕ್ಕಾಗ್ನಿಲ್ಲ, ಹೊರಗಿಂದ ತುಂಬು."

ಮೊಮ್ಮಕ್ಕಳ ಬೆಳ್ಳಿ ಉಡಿದಾರ, ಎರಡು ಜೊತೆ ಕಾಲ್ಗಡಗಗಳನ್ನು ಅವಳೇ ತಂದುಕೊಟ್ಟಳು. ಅದರ ಮೇಲೆ ಮೂರು ಅಂಗಿ, ಒಂದು ಉಣ್ಣೆ ಸ್ವೆಟರು, ಒಂದು ಕುಲಾವಿ ಏರಿದವು. ಮಗು ಸಂಕ್ರಾಂತಿಯ ಎತ್ತಿನಂತೆ ಕಂಡಿತು. ಆದರೂ ಪುಟ್ಟಲಿಂಗಯ್ಯನಿಗೆ ಧೈರ್ಯ ಬರಲಿಲ್ಲ. ಅರ್ಧ ಕೇಜಿಯ ಕಬ್ಬಿಣದ ತೂಕದ ಬಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಅಂಗಿಗಳ ಒಳಗೆ ಮಗುವಿನ ಬರಿಬೆನ್ನಿಗೆ ಕಟ್ಟಿದ. ಮಗು ಕಚಗುಳಿ ಇಟ್ಟಂತೆ ನಕ್ಕಿತು.

ಹನ್ನೊಂದಕ್ಕೆ ಕಾವೇರಮ್ಮ ಬಂದಳು. ಚೀಲದಿಂದ ತಕ್ಕಡಿ ತೆಗೆದು ಜಗಲಿಯ ಮೇಲಿಟ್ಟು ಮಗುವಿನ ಕಡೆ ತಿರುಗಿದವಳು ಅಲ್ಲೇ ನಿಂತಳು.

"ಏನ್ರಿ ಇದು, ಮಗೂನಾ ಮೂಟೇನಾ? ಬಟ್ಟೆ ಬಿಚ್ಚಿ."

"ಶೀತ ಆಯ್ತದೆ ಸಿಸ್ಟರ್."

"ಮೇ ತಿಂಗಳಲ್ಲಾ?"

ಅವಳೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಈರುಳ್ಳಿ ಸುಲಿದಂತೆ ಸುಲಿದಳು. ಕುಲಾವಿ ಬಂತು, ಸ್ವೆಟರು ಬಂತು, ಅಂಗಿಗಳು ಬಂದವು, ಬೆಳ್ಳಿ ಬಂತು. ಕೊನೆಗೆ ಕಬ್ಬಿಣ ಜಾರಿ ನೇರವಾಗಿ ತಕ್ಕಡಿಯ ಮುಖದ ಮೇಲೆ ಬಿತ್ತು. ಗಾಜು ಒಡೆಯಿತು. ಮುಳ್ಳು ಬಗ್ಗಿ ಕೊಕ್ಕೆಯಾಯಿತು.

"ಏನಮ್ಮ ಅದು, ಕೂಸಿನ ಬೆನ್ನಲ್ಲಿ?" ಎಂದರು ಕೆಂಪಯ್ಯ.

ಪುಟ್ಟಲಿಂಗಯ್ಯ ಬಾಯಿ ತೆರೆಯುವ ಮೊದಲೇ ಅಂಕಮ್ಮ ಮುಂದೆ ಬಂದಳು. "ದೃಷ್ಟಿಗೆ ಕಟ್ಟಿದ್ದು ಕಣಣ್ಣ."

"ಅರ್ಧ ಕೇಜೀದಾ?"

"ಈ ಊರಲ್ಲಿ ದೃಷ್ಟಿ ಒಸಿ ಜಾಸ್ತಿ."

ಕಾವೇರಮ್ಮ ಒಡೆದ ತಕ್ಕಡಿಯನ್ನು ತಿರುಗಿಸಿ ನೋಡಿ ಪುಟ್ಟಲಿಂಗಯ್ಯನತ್ತ ತಿರುಗಿದಳು. "ಹುಳು ಮುಟ್ಟೋಕೆ ಮುಂಚೆ ಎರಡು ಸಲ ಕೈ ತೊಳೀತೀರ, ಮಗು ಬೆನ್ನಿಗೆ ತುಕ್ಕು ಕಬ್ಬಿಣ ಕಟ್ತೀರ. ಇನ್ನು ಮುಂದಿನ ತಿಂಗಳೇ ತೂಗೋದು."

ಕೆಂಪಯ್ಯ ಎದ್ದು ಪಂಚೆ ಕೊಡವಿದರು. "ಹಂಗಾರೆ ಮುಂದಿನ ತಿಂಗ್ಳವರ್ಗೂ ಕೂಸು ನಮ್ಮನೇಲಿರ್ಲಿ."

"ನಮ್ಮ ಸೊಪ್ಪು ತೂಗೋ ತಕ್ಕಡಿ ಐತೆ ಸಿಸ್ಟರ್!" ಎಂದು ಪುಟ್ಟಲಿಂಗಯ್ಯ ಕೂಗಿಯೇಬಿಟ್ಟ.

ಕೂಗಿದ ಮೇಲೆ ಆ ತಕ್ಕಡಿಯ ಗುಟ್ಟು ಅವನಿಗೆ ನೆನಪಾಯಿತು. ಮಿಕ್ಕ ಸೊಪ್ಪನ್ನು ಅವನು ಊರವರಿಗೆ ಆ ತಕ್ಕಡಿಯಲ್ಲೇ ತೂಗಿ ಮಾರುತ್ತಿದ್ದ. ಅದರ ಸ್ಪ್ರಿಂಗನ್ನು ಎರಡು ವರ್ಷದ ಹಿಂದೆ ತಾನೇ ಬದಲಾಯಿಸಿದ್ದ. ಹತ್ತು ಕೇಜಿ ನೇತುಹಾಕಿದರೆ ಅದು ಹನ್ನೆರಡು ತೋರಿಸುತ್ತಿತ್ತು.

ತಕ್ಕಡಿ ಜಗಲಿಯ ತೊಲೆಗೆ ಏರಿತು. ಬರಿಮೈಯ ಮಗು ಬಟ್ಟೆಯ ಜೋಲಿಯಲ್ಲಿ ಕೂತು ಕಾಲು ಕುಣಿಸಿತು. ಮುಳ್ಳು ಎಂಟನ್ನು ದಾಟಿ ನಿಂತಿತು. ಕಾವೇರಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಮಗುವಿನ ತೋಳು ಹಿಚುಕಿ, ತೊಡೆ ಹಿಚುಕಿ, "ಮೈ ಕೈ ಏನೋ ತುಂಬ್ಕೊಂಡಿದೆ" ಎಂದು ಗೊಣಗುತ್ತಾ ಕಾರ್ಡಿನಲ್ಲಿ ಗೆರೆಗಿಂತ ಬಹಳ ಮೇಲೆ ಚುಕ್ಕಿ ಇಟ್ಟಳು.

ಅಂಕಮ್ಮ ಮಾತ್ರ ಮಗುವನ್ನು ನೋಡಲಿಲ್ಲ. ತಕ್ಕಡಿ ನೋಡಿದಳು, ಆಮೇಲೆ ಪುಟ್ಟಲಿಂಗಯ್ಯನ ಕಿವಿಯ ಹತ್ತಿರ ಬಂದಳು. "ಮೊನ್ನೆ ನಂಗೆ ಸೊಪ್ಪು ತೂಗ್ಕೊಟ್ಟಿದ್ದೂ ಇದ್ರಾಗೇ ಅಲ್ವೇನ್ಲಾ?"

"ಸಂಜೀಕೆ ಎಲ್ಡು ಮಂಕ್ರಿ ಸೊಪ್ಪು ತಂದಾಕ್ತೀನಿ, ಸುಮ್ಕಿರವ್ವ."

"ಮೂರು."

"ಆಯ್ತು, ಮೂರು."

ಸೊಪ್ಪು ಹಾಕಿ ಮುಗಿಸಿದ ಸರಸಮ್ಮ ಆಗ ಹೊರಗೆ ಬಂದಳು. ಕಾರ್ಡು ನೋಡಿ "ಎಂಟಾ?" ಎಂದಳು. ಪುಟ್ಟಲಿಂಗಯ್ಯ ಅವಳ ಕಾಲು ತುಳಿದ.

ಕೆಂಪಯ್ಯನ ಮುಖ ಊರಗಲ ಆಗಿತ್ತು. "ತಪ್ಪಾಯ್ತು ಅಳಿಯಂದ್ರೇ. ನಿಮ್ಮ ಮ್ಯಾಲೆ ಸುಮ್ಸುಮ್ನೆ ಅನ್ಮಾನ ಪಟ್ಟೆ. ಎಲ್ಡೇ ತಿಂಗ್ಳಲ್ಲಿ ಎಂಟು ಕೇಜಿ! ನನ್ ಮಗಳ ಕೈಗುಣ ನೋಡಿ."

"ಎಲ್ಲ ನಿಮ್ಮ ಆಶೀರ್ವಾದ ಮಾವ" ಎಂದು ಪುಟ್ಟಲಿಂಗಯ್ಯ ಹಲ್ಲು ಬಿಟ್ಟ.

"ಅದುಕ್ಕೇ ಒಂದು ಮಾತು. ಹಾರೋಹಳ್ಳೀಲಿರೋ ಕಿರಿಮಗಳ ಕೂಸಿಗೆ ಏಳು ತಿಂಗ್ಳು, ಕಡ್ಡಿ ಕಡ್ಡಿ ಹಂಗೈತೆ. ಸರಸ ಮೂರ್ ತಿಂಗ್ಳು ಅಲ್ಲಿದ್ದು ಅದ್ನೂ ಎಂಟು ಕೇಜಿ ಮಾಡ್ಕೊಟ್ಟು ಬರ್ಲಿ. ನಡಿಯವ್ವ, ಸೀರೆ ಜೋಡಿಸ್ಕೊ, ಹನ್ನೆರಡು ಗಂಟೆ ಬಸ್ಸೈತೆ."

"ಒಳ್ಳೇ ಕೆಲಸ" ಎಂದಳು ಕಾವೇರಮ್ಮ. "ಇಂಥ ತಾಯಂದಿರು ನಾಲ್ಕು ಜನಕ್ಕೆ ಹೇಳಿಕೊಡಬೇಕು."

ಪುಟ್ಟಲಿಂಗಯ್ಯನ ಹಲ್ಲು ಬಿಟ್ಟಲ್ಲೇ ನಿಂತವು. ತಕ್ಕಡಿ ಸುಳ್ಳು ಎಂದರೆ ಹೆಂಡತಿ ಕುದೂರಿಗೆ. ನಿಜ ಎಂದರೆ ಹಾರೋಹಳ್ಳಿಗೆ. ಎರಡು ಕಡೆಗೂ ಬಸ್ಸು ಹನ್ನೆರಡಕ್ಕೇ.

ಬಸ್ಸಿನ ಕಿಟಕಿಯಲ್ಲಿ ಸರಸಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಡನತ್ತ ಬಾಗಿದಳು. ಅಪ್ಪ ಮುಂದಿನ ಸೀಟಿನಲ್ಲಿದ್ದರು.

"ಆ ಕಳ್ಳ ತಕ್ಕಡೀಲಿ ಯಾಕೆ ತೂಗ್ಸಕೋದ್ರಿ?"

"ಇಲ್ದಿದ್ರೆ ನಿಮ್ಮಪ್ಪ ನಿನ್ನ ಕರ್ಕಂಡೋಗ್ಬುಡೋರು."

"ಯಾಕೆ ಕರ್ಕಂಡೋಗೋರು? ಸೋಮವಾರ ಮಾಗಡಿ ಆಸ್ಪತ್ರೇಲಿ ತೂಗಿಸ್ಕಂಡು ಬಂದಿವ್ನಿ. ಆರೂ ಮುಕ್ಕಾಲು. ಸಿಸ್ಟರ್ ಹೇಳ್ದಂಗೆ ಎಲ್ಡು ತಿಂಗ್ಳಿಂದ ದಿನಕ್ಕೈದು ಸಲ ತಿನ್ನಿಸ್ತಿವ್ನಿ. ಚುಕ್ಕಿ ಗೆರೆ ದಾಟಿ ಒಂದು ಕೂದ್ಲೆಳೆ ಮ್ಯಾಲೈತೆ. ಅಪ್ಪ ಅದ್ನ ನೋಡಿ, ಕಾಫಿ ಕುಡ್ದು, ಸುಮ್ನೆ ಊರಿಗೋಗೋರು."

ಕಂಡಕ್ಟರ್ ಸೀಟಿ ಊದಿದ. ಪುಟ್ಟಲಿಂಗಯ್ಯ ಬಸ್ಸಿನ ಪಕ್ಕದಲ್ಲೇ ಓಡುತ್ತಾ ಕೇಳಿದ, "ಅದ್ನ ನಂಗೊಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳ್ದೆ! ಅವತ್ತೇ ಹುಳದ ಮನೆ ಬಾಗ್ಲಲ್ಲಿ ನಿಂತ್ಕಂಡು ಹೇಳ್ದೆ. ನೀವೇ 'ಮೆಲ್ಲಗೆ ಮಾತಾಡು, ಹುಳ ಬೆಚ್ಚಿ ಬೀಳ್ತವೆ' ಅಂತ ಬಾಗ್ಲು ಹಾಕ್ಕಂಡ್ರಿ."