ಏರು ಬಂತು, ಇಳಿ

ನಮ್ಮ ಸೋದರಮಾವನಿಗೆ ಹೆಂಡತಿಗಿಂತ ಜೀಪಿನ ಮೇಲೆ ಪ್ರೀತಿ ಹೆಚ್ಚು. ಇದು ನನ್ನೊಬ್ಬನ ಮಾತಲ್ಲ. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಹಿಡಿದು ಕೊಟ್ಟಿಗೆಹಾರದ ಹೋಟೆಲುಗಳವರೆಗೆ ಯಾರನ್ನು ಬೇಕಾದರೂ ಕೇಳಿ ನೋಡಿ. ಇಲ್ಲದಿದ್ದರೆ ಏರು ಬಂದಲ್ಲೆಲ್ಲ ಕಟ್ಟಿಕೊಂಡ ಹೆಂಡತಿಯನ್ನು ರಸ್ತೆಗಿಳಿಸಿ, ಖಾಲಿ ಜೀಪನ್ನು ಮೆರವಣಿಗೆಯಲ್ಲಿ ಹೋಗುವವನ ಹಾಗೆ ಹತ್ತಿಸುವ ಗಂಡ ಇನ್ನೆಲ್ಲಿ ಸಿಕ್ಕಾನು?

ಇಳಿಸುವುದು ನಮ್ಮ ಕಡೆ ಹೊಸದೇನಲ್ಲ. ಆ ಕಾಲದಲ್ಲಿ ಎಸ್ಟೇಟ್ ದಾರಿಯ ಕಡಿದಾದ ಏರು ಬಂದಾಗ ಡ್ರೈವರು "ಇಳೀರಿ" ಎಂದರೆ ಗಂಡಸರು ಇಳಿಯಬೇಕು. ಒಬ್ಬ ಮರದ ತುಂಡು ಹಿಡಿದು ಜೀಪಿನ ಹಿಂದೆ ನಡೆಯಬೇಕು, ಗಾಡಿ ಹಿಂದೆ ಸರಿದರೆ ಚಕ್ರಕ್ಕೆ ಅಡ್ಡ ಕೊಡಬೇಕು. ಹೆಂಗಸರು, ಮಕ್ಕಳು, ಅಕ್ಕಿಮೂಟೆ ಒಳಗೇ. ಮಾವನ ಜೀಪಿನಲ್ಲಿ ಮಾತ್ರ ಕಾನೂನು ತಿರುವುಮುರುವು. ಮೊದಲು ಇಳಿಯಬೇಕಾದವಳು ಅತ್ತೆ. ಅಕ್ಕಿಮೂಟೆ ಆರಾಮಾಗಿ ಕೂರಬಹುದು!

ನಮ್ಮ ಅಕ್ಕನ ಮದುವೆಯ ದಿನವೂ ಅಷ್ಟೇ. ಅತ್ತೆ ರೇಷ್ಮೆ ಸೀರೆಯುಟ್ಟು, ತಲೆ ತುಂಬ ಹೂ ಮುಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಏರು ಹತ್ತಿ ಬಂದಳು. ಗಂಡಹೆಂಡತಿ ಜಗಳವಾಡಿರಬೇಕೆಂದು ಬೀಗರ ಕಡೆಯ ಇಬ್ಬರು ಹಿರಿಯರು ಮಾವನನ್ನು ಮೂಲೆಗೆ ಕರೆದು ರಾಜಿ ಮಾಡಿಸಲು ಕೂತರು. ಮಾವ ಎಲ್ಲ ಕೇಳಿಸಿಕೊಂಡು, "ನಿಮ್ಮ ವ್ಯಾನಿಂದು ಕ್ಲಚ್ಚು ಸುಟ್ಟ ವಾಸ್ನೆ ಬರ್ತಿದೆ, ಒಂಚೂರು ನೋಡ್ಕಳಿ" ಎಂದು ಎದ್ದು ಹೋದ.

ಬ್ರೇಕು ಸರಿಯಿರಲಿಲ್ಲವೇನೋ ಎನ್ನುತ್ತೀರಾ? ಅದನ್ನು ನಮ್ಮೂರ ಮೆಕ್ಯಾನಿಕ್ ಅಬ್ಬಾಸ್ ಸಾಬರ ಮುಂದೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. "ಆ ಜೀಪನ್ನ ಗೋಡೆ ಮೇಲೆ ನಿಲ್ಸಿದ್ರೂ ನಿಲ್ತದೆ ಮಾರಾಯ. ಬ್ರೇಕಿಗೇನೂ ಆಗಿಲ್ಲ, ನಿಮ್ಮ ಮಾವನಿಗೇ ಏನೋ ಆಗಿದೆ" ಎನ್ನುತ್ತಿದ್ದರು.

ಮಾವನ ಮನೆಯಿದ್ದದ್ದೂ ಒಂದು ಏರಿನ ತುದಿಯಲ್ಲೇ. ಮದುವೆಯಾಗಿ ಬಂದಾಗಿನಿಂದ ಅತ್ತೆ ಸಂತೆಗೆ ಹೋಗಿ ಬಂದರೂ, ತವರಿಗೆ ಹೋಗಿ ಬಂದರೂ ಕೊನೆಯ ಆ ಏರನ್ನು ನಡೆದೇ ಹತ್ತುತ್ತಿದ್ದಳು. ಈಚೆಗೆ ಮಂಡಿ ನೋವು ಬೇರೆ. "ಸಾಯೋದ್ರೊಳಗೆ ಒಂದ್ಸಲನಾದ್ರೂ ಕೂತ್ಕಂಡೇ ಮನೆ ಮುಟ್ಟಬೇಕು ಕಣಾ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಜನ ಕಾಶಿ ರಾಮೇಶ್ವರದ ಕನಸು ಕಾಣುತ್ತಾರೆ, ನಮ್ಮತ್ತೆಯದು ಇಷ್ಟೇ.

ಹೀಗಿರುವಾಗ ಎಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ಬೊಂಬಾಯಿ ಸೇರಿದ್ದ ಅಕ್ಕ ನಮ್ಮನ್ನೆಲ್ಲ ಕರೆದಳು. ಅಲ್ಲಿ ದೋಣಿಯಲ್ಲಿ ಹೋಗಬೇಕಾದ ಭಾರೀ ಆಟದ ಪಾರ್ಕೊಂದು ಆಗಿದೆಯಂತೆ, ಊರಿಗೆ ಊರೇ ಅದರ ಮಾತಾಡುತ್ತಿದೆಯಂತೆ. ಅಕ್ಕ ಕಳಿಸಿದ ಫೋಟೋದಲ್ಲಿ, ಆಕಾಶಕ್ಕೇರುವ ಹಳಿಯ ಮೇಲೆ ಜನ ಕೂತೇ ಇದ್ದರು. ಅತ್ತೆ ಫೋಟೋ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. "ಇಷ್ಟು ಏರಿದ್ರೂ ಇವ್ರನ್ನ ಯಾರೂ ಇಳ್ಸಿಲ್ಲ ನೋಡು" ಎಂದಳು. ಹೊರಡುವುದು ಅಲ್ಲಿಗೇ ನಿಶ್ಚಯವಾಯಿತು.

ಜೀಪನ್ನು ಅಬ್ಬಾಸ್ ಸಾಬರ ಶೆಡ್ಡಿನಲ್ಲಿ ಬಿಟ್ಟು ಮಂಗಳೂರಿನ ಬಸ್ಸು ಹತ್ತಿದೆವು. ಚಾರ್ಮಾಡಿ ಘಾಟಿ ಇಳಿಯುವಷ್ಟು ದೂರವೂ ಮಾವ ಡ್ರೈವರನ ಹಿಂದೆ ನಿಂತು, "ಸೆಕೆಂಡಿಗೆ ಹಾಕಿ, ಹಾರ್ನ್ ಮಾಡಿ, ಎಡಕ್ಕೆ ಬನ್ನಿ" ಎನ್ನುತ್ತಲೇ ಇದ್ದ. ಕೊನೆಗೆ ಡ್ರೈವರು ಹಿಂದೆ ತಿರುಗದೆಯೇ, "ಯಜಮಾನ್ರೇ, ಒಂದೋ ನೀವು ಹೋಗಿ ಕೂತ್ಕಳಿ, ಇಲ್ಲಾ ನಾನು ಹೋಗಿ ಕೂತ್ಕತೀನಿ" ಎಂದ. ಮಾವ ಕೂತ. ಕೂತಲ್ಲೇ ಬಲಗಾಲಿನಿಂದ ಮುಂದಿನ ಸೀಟಿನವನ ಟ್ರಂಕನ್ನು ಮಂಗಳೂರಿನವರೆಗೂ ಒತ್ತಿದ್ದೇ ಒತ್ತಿದ್ದು. ಅಲ್ಲಿ ಹತ್ತಿದ ಬೊಂಬಾಯಿ ಬಸ್ಸಿನಲ್ಲೂ ಅದೇ ಕತೆ.

ಪಾರ್ಕಿನ ಗೇಟಿನಲ್ಲಿ ಕಾವಲುಗಾರ ಚೀಲ ತೆಗೆಸಿದ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಮೇಲಿನಿಂದ ಒಂದು ಡಬ್ಬಿ ಕೋಡುಬಳೆ ಬಂತು. ಅದರಡಿಯಿಂದ, ಶುಭ್ರವಾದ ಟವೆಲ್ಲಿನಲ್ಲಿ ಸುತ್ತಿಟ್ಟ ಹಲಸಿನ ಮರದ ತುಂಡು ಬಂತು! ಜೀಪಿನ ಚಕ್ರಕ್ಕೆ ಕೊಡುವ ತುಂಡು ಬೊಂಬಾಯಿಗೆ ಯಾಕೆ ಎಂದು ನಾವು ಕೇಳುವ ಮೊದಲೇ ಮಾವ, "ಯಾವ ಊರಲ್ಲಿ ಹೆಂಗಿರ್ತದೋ ಏನೋ, ಇರಲಿ" ಎಂದ. ಕಾವಲುಗಾರನಿಗೆ ಏನು ಹೇಳುವುದು? ಅಕ್ಕ ತಡವರಿಸಿ, ಅದು ದೇವರ ಸಾಮಾನು ಎಂದು ಹಿಂದಿಯಲ್ಲಿ ಹೇಳಿಬಿಟ್ಟಳು. ಅವನು ತುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟ. ಕೋಡುಬಳೆ ಮಾತ್ರ ಹೊರಗೇ ಉಳಿಯಿತು.

ಅತ್ತೆ ಬೇರಾವುದನ್ನೂ ನೋಡಲಿಲ್ಲ. ನೇರ ಆ ಹಳಿಯ ಗಾಡಿಯ ಸಾಲಿನಲ್ಲಿ ಹೋಗಿ ನಿಂತಳು. ಮಾವ ಗಾಡಿಯನ್ನು ಮುಂದಿನಿಂದಲೂ ಹಿಂದಿನಿಂದಲೂ ಬಗ್ಗಿ ನೋಡಿದ. ಬ್ರೇಕೆಲ್ಲಿ ಎಂದು ಅಕ್ಕನಿಂದ ಕೇಳಿಸಿದ. ನಡೆಸುವವನು ಕೆಳಗೆ ತನ್ನ ಪಕ್ಕದಲ್ಲಿದ್ದ ಹಿಡಿಕೆಯನ್ನು ತೋರಿಸಿದ. "ಗಾಡಿ ಮೇಲೆ, ಡ್ರೈವರ್ ಕೆಳಗೆ. ಇದ್ಯಾವ ಸೀಮೆ ಗಾಡಿ ಮಾರಾಯ್ರೆ? ನಾವು ಇದಕ್ಕೆ ಹತ್ತಾದು ಬ್ಯಾಡ" ಎಂದು ಮಾವ ಹೇಳಿ ತಿರುಗುವಷ್ಟರಲ್ಲಿ ಅತ್ತೆ ಹತ್ತಿ ಕೂತಾಗಿತ್ತು. ಮಾವ ತುಂಡನ್ನು ಅಕ್ಕನ ಕೈಗೆ ತುರುಕಿ, ಓಡಿ ಹೋಗಿ ಅತ್ತೆಯ ಪಕ್ಕ ಕೂತ. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಕಬ್ಬಿಣದ ಸರಳು ಎಲ್ಲರ ತೊಡೆಯ ಮೇಲೆ ಬಂದು ಕೂತಿತು.

ಗಾಡಿ ಕಟಕಟ ಸದ್ದು ಮಾಡುತ್ತ ನಿಧಾನವಾಗಿ ಏರತೊಡಗಿತು. ಮಾವನ ಕಿವಿಗೆ ಅದು ದಮ್ಮು ಕಟ್ಟಿದ ಇಂಜಿನ್ನು. ಅರ್ಧ ಏರಿನಲ್ಲಿ ಅವನು ಹಿಂದೆ ತಿರುಗಿ, ಗುಜರಾತಿಗಳೋ ಮರಾಠಿಗಳೋ ಅಂತೂ ಕನ್ನಡ ಬಾರದ ಅಷ್ಟೂ ಜನಕ್ಕೆ, "ಲೋಡ್ ಜಾಸ್ತಿ ಆಯ್ತು, ಎಲ್ಲ ಇಳೀರಿ ಮಾರಾಯ್ರೆ, ಗಾಡಿ ಎಳೀತಿಲ್ಲ" ಎಂದು ಕೂಗಿದ. ಯಾರೂ ಇಳಿಯಲಿಲ್ಲ. ಎಲ್ಲಿಗೆ ಇಳಿಯುತ್ತಾರೆ ಪಾಪ! ಆಮೇಲೆ ಅತ್ತೆಯ ಕಡೆ ತಿರುಗಿ ಅಂದದ್ದು ನನಗೆ ಮಾತ್ರ ಕೇಳಿಸಿತು. "ಏರು ಬಂತು, ಇಳಿ. ಇಳಿ ಮಾರಾಯ್ತಿ, ದಮ್ಮಯ್ಯ." ಅತ್ತೆ ಸರಳನ್ನು ತಟ್ಟಿ, "ಇವತ್ತು ಆಗಲ್ಲ ಕಣ್ರೀ" ಎಂದಳು. ಗಾಡಿ ತುದಿ ಮುಟ್ಟಿ ಕೆಳಕ್ಕೆ ಬಿತ್ತು. ಉಳಿದವರು ಕಿರುಚಿಕೊಂಡರು, ಅತ್ತೆ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಮಾವ ಮಾತ್ರ ಕಣ್ಣು ಮುಚ್ಚಿ ತನ್ನ ತೋಳನ್ನು ಅವಳಿಗೆ ಅಡ್ಡ ಕೊಟ್ಟು ಕೂತಿದ್ದ. ಇಳಿದಾಗ ನೋಡಿದರೆ, ಅವನು ಹಿಡಿದ ಹಿಡಿತಕ್ಕೆ ಅವಳ ಕೈಯ ಹಸಿರು ಬಳೆಗಳು ಒಡೆದಿದ್ದವು.

ಹಿಂತಿರುಗುವ ದೋಣಿಯಲ್ಲಿ ಮಾವ ಇನ್ನೊಂದು ತುದಿಯಲ್ಲಿ, ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅತ್ತೆ ನನಗೆ ಮೆಲ್ಲಗೆ ಹೇಳಿದಳು. "ಮದುವೆಯಾದ ಹೊಸದ್ರಲ್ಲಿ ದೇವರಮನೆ ಬೆಟ್ಟದ ಕಡೆಯಿಂದ ಬರ್ತಿದ್ವಿ. ಏರಲ್ಲಿ ಜೀಪು ನಿಂತೋಯ್ತು. ಇವ್ರು ಚಕ್ರಕ್ಕೆ ಕಲ್ಲು ಕೊಡಕ್ಕೆ ಅಂತ ಇಳಿದ್ರು. ಅಷ್ಟೊತ್ತಿಗೆ ನಾನು ಒಳಗಿದ್ದಂಗೇ ಜೀಪು ಹಿಂದಕ್ಕೆ ಹೊರಟ್ತು. ಇವ್ರು ಬರಿಗೈಲಿ ಅದನ್ನ ಹಿಡಿಯಕ್ಕೆ ಬಂದ್ರು. ಒಂದು ಮರಕ್ಕೆ ತಾಗಿ ನಿಲ್ತು ನೋಡು, ಕೆಳಗೆ ಪ್ರಪಾತ. ನಂಗೇನೂ ಆಗ್ಲಿಲ್ಲ ಕಣಾ. ಆಗಿದ್ದು ಇವ್ರಿಗೇ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಬ್ಯಾಡ ಅಂದ್ರು. ಹೆಂಡ್ತಿಗಿಂತ ಜೀಪು ಹೆಚ್ಚು ಅಂತ ಜನ ನಗ್ತಾರಲ್ಲ, ನಗಲಿ ಬಿಡು ಅಂದ್ರು."

ಮಾವನ ಕಡೆ ನೋಡಿದರೆ, ಅವನು ಆಗಲೇ ಎದ್ದು ಹೋಗಿ ದೋಣಿಯವನಿಗೆ ಏನೋ ಹೇಳಿಕೊಡುತ್ತಿದ್ದ.

ಊರಿಗೆ ಬಂದು, ಅಬ್ಬಾಸ್ ಸಾಬರ ಶೆಡ್ಡಿನಿಂದ ಜೀಪು ತೆಗೆದುಕೊಂಡು ಮನೆಗೆ ಹೊರಟೆವು. ಕೊನೆಯ ಏರಿನ ಬುಡದಲ್ಲಿ ಜೀಪು ಎಂದಿನಂತೆ ನಿಂತಿತು.

"ಏರು ಬಂತು. ಇಳಿ."

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಮುಂದೆ ನೋಡಿದಳು. "ನಾ ಇಳಿಯಲ್ಲ."

ಮಾವ ಹ್ಯಾಂಡ್‌ಬ್ರೇಕನ್ನು ಎರಡೆರಡು ಸಲ ಎಳೆದು ನೋಡಿದ. ಆಮೇಲೆ ತಾನೇ ಇಳಿದು, ಚೀಲದಿಂದ ತುಂಡನ್ನು ತೆಗೆದು ನನ್ನ ಕಡೆ ನೋಡಿದ. ನಾನು ಆ ಜೀಪಿನಲ್ಲೇ ಡ್ರೈವಿಂಗ್ ಕಲಿತವನು. "ನೀನು ಓಡ್ಸು. ಫಸ್ಟ್ ಗೇರಲ್ಲೇ ಹೋಗು, ಎಲ್ಲೂ ಬದಲಾಯಿಸ್ಬ್ಯಾಡ. ಹಿಂದೆ ನಾನಿರ್ತೀನಿ."

ಅತ್ತೆ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಿದ್ದಳು. ಕನ್ನಡಿಯಲ್ಲಿ ಮಾವ ಕಾಣುತ್ತಿದ್ದ. ಬೊಂಬಾಯಿಗೆಂದು ಹೊಲಿಸಿದ ಪ್ಯಾಂಟಿನಲ್ಲಿ, ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಚಕ್ರದ ಮೇಲಿನ ಕಣ್ಣು ಕೀಳದೆ ಏದುಸಿರು ಬಿಡುತ್ತ ಏರಿನುದ್ದಕ್ಕೂ ಓಡಿ ಬಂದ. ಸಮತಟ್ಟಾದ ಅಂಗಳದಲ್ಲಿ ಜೀಪು ನಿಂತ ಮೇಲೂ ತುಂಡನ್ನು ಚಕ್ರಕ್ಕೆ ಕೊಟ್ಟು, ಕಾಲಿನಿಂದ ಒದ್ದು ಭದ್ರ ಮಾಡಿದ. ಆಮೇಲೆ ಬೆವರು ಒರೆಸಿಕೊಂಡು ಮುಂದೆ ಬಂದು ಅತ್ತೆಯ ಕಡೆಗೆ ಕೈ ಚಾಚಿದ.

"ಹ್ಞಾ, ಈಗ ಇಳಿ."