ಪೆಪ್ಪರಮಿಂಟು ಪ್ರತಿಜ್ಞೆ

ಇಪ್ಪತ್ತನಾಲ್ಕು ವರ್ಷ ಒಂದೇ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿಕೊಂಡು ಬಂದವರನ್ನು ಮಾಲೀಕರು ಸೋಮವಾರ ಬೆಳಿಗ್ಗೆ ಒಳಗೆ ಕರೆದು, ಬಾಗಿಲು ಹಾಕಿ, "ಕೂತ್ಕೊಳ್ಳಿ" ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ಆದರೆ ಕಣ್ಣು ಮೇಷ್ಟ್ರಿಗೆ (ಅಂಗಡಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ) ಎದೆ ಅಲುಗಲೂ ಇಲ್ಲ. ಮಾಲೀಕರು ಏನು ಹೇಳಲಿದ್ದಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಯಾರು ಏನು ಹೇಳಲಿದ್ದಾರೆಂಬುದೂ ಅವರಿಗೆ ಯಾವಾಗಲೂ ಮೊದಲೇ ಗೊತ್ತಿರುತ್ತಿತ್ತು.

"ನೋಡಿ, ಇಷ್ಟು ವರ್ಷ ನಮ್ಮ ಅಂಗಡೀಲಿ..."

"ದುಡಿದಿದ್ದೀನಿ, ಅದಕ್ಕೊಂದು ಸನ್ಮಾನ, ಅಷ್ಟೇ ತಾನೇ? ಅದೆಲ್ಲ ಯಾಕೆ ಸಾರ್."

"ಸನ್ಮಾನ ಅಲ್ಲ. ನಿಮ್ಮ ಮೇಲೆ..."

"ಅಭಿಮಾನ! ಗೊತ್ತು ಸಾರ್, ನನಗೂ ಅಷ್ಟೇ."

"ದೂರು!" ಮಾಲೀಕರು ಮೇಜು ಗುದ್ದಿದರು. "ನಿಮ್ಮ ಮೇಲೆ ದೂರು ಬಂದಿದೆ! ಒಂದಲ್ಲ, ಹದಿನಾರು!"

ದೂರಿನ ಮೂಲ ಪರೀಕ್ಷೆಯ ಕತ್ತಲೆ ಕೋಣೆಯಲ್ಲಿತ್ತು. ಗೋಡೆಯ ಮೇಲೆ ಅಕ್ಷರಗಳ ಫಲಕ. ಮೇಲಿನ ಸಾಲು ಆನೆಯಷ್ಟು ದಪ್ಪ, ಕೊನೆಯ ಸಾಲು ಇರುವೆಯಷ್ಟು ಸಣ್ಣ. ಕುರ್ಚಿಯಲ್ಲಿ ಕೂತವರು ಕಣ್ಣು ಕಿರಿದು ಮಾಡಿ "ಗ... ಮ... ಆಮೇಲೆ ಅದು..." ಎಂದು ತಡವರಿಸುವಷ್ಟರಲ್ಲಿ ಮೇಷ್ಟ್ರ ಬಾಯಿ ತಡೆಯುತ್ತಿರಲಿಲ್ಲ. "ಟ, ರ, ಲ, ಬ! ಸರಿಯಾಗಿ ಹೇಳಿದ್ರಿ! ಕಣ್ಣು ಬಂಗಾರ!" ಹೀಗೆ ಬಂಗಾರದ ಕಣ್ಣು ಹೊತ್ತು ಮನೆಗೆ ಹೋದ ನಿವೃತ್ತ ಬಸ್ ಚಾಲಕರೊಬ್ಬರು ಬೀದಿ ಮೂಲೆಯ ಅಂಚೆ ಡಬ್ಬಿಯನ್ನು ತಮ್ಮ ಹಳೆಯ ಕಂಡಕ್ಟರ್ ಎಂದುಕೊಂಡು ಒಂದು ತಿಂಗಳು ದಿನಾ ಕುಶಲ ವಿಚಾರಿಸಿದ್ದರು. ಅದು ಉತ್ತರ ಕೊಡಲಿಲ್ಲವೆಂದು ಅವರಿಗೆ ಮನಸ್ತಾಪವೂ ಆಗಿತ್ತು.

"ಒಂದು ತಿಂಗಳು ಟೈಮ್ ಕೊಡ್ತೀನಿ," ಎಂದರು ಮಾಲೀಕರು. "ಬಾಯಿ ಸರಿಹೋಗಲಿಲ್ಲ ಅಂದ್ರೆ ಹಿಂದಿನ ರೂಮಿಗೆ ಹೋಗಿ ಗಾಜು ಉಜ್ಜಿ. ಗಾಜು ಮಾತಾಡಲ್ಲ, ನೀವು ಅದರ ಮಾತು ಮುಗಿಸೋ ಹಂಗೂ ಇಲ್ಲ."

ಈಗ ಎದೆ ಧಸಕ್ಕೆಂದಿತು. ಹಿಂದಿನ ಕೋಣೆಯಲ್ಲಿ ಕಿಟಕಿಯಿಲ್ಲ, ಯಂತ್ರದ ಗರಗರದ ನಡುವೆ ಸುದ್ದಿ ಹೇಳುವ ಮನುಷ್ಯರಿಲ್ಲ. ಮೇಷ್ಟ್ರಿಗೆ ಅದು ಕಾರಾಗೃಹವೇ.

ಸಂಜೆ ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. "ನಾನು ಮೊದಲೇ ಹೇಳಿದ್ದೆ ಅಂತ ತಾನೇ?" ಎಂದರು ಮೇಷ್ಟ್ರು. ಅವಳು ಬಾಯಿ ಮುಚ್ಚಿದಳು. ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸ ಅವಳದು. ಹೊರಗೂ ಮೌನ, ಒಳಗೂ ಮೌನ.

ಮಗಳಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷವಾಯಿತು. ಅವಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಅಭ್ಯಾಸ ಬದಲಾಯಿಸುವುದು ಹೇಗೆಂಬ ಪ್ರಬಂಧಕ್ಕೆ ಅವಳಿಗೊಂದು ಜೀವಿ ಬೇಕಾಗಿತ್ತು. ಪಕ್ಕದ ಮನೆಯ ಬೆಕ್ಕನ್ನು ಕೇಳಿ ಇಟ್ಟುಕೊಂಡಿದ್ದಳು.

"ಬೆಕ್ಕಿಗಿಂತ ನೀನೇ ವಾಸಿ ಅಪ್ಪ, ನಿನ್ನ ಸಂಬಳಾನಾದ್ರೂ ಉಳಿಯತ್ತೆ," ಎಂದು ನೋಟ್‌ಬುಕ್ ತೆರೆದಳು. "ಬದಲಾಗೋಕೆ ಹಂತಗಳಿರ್ತವೆ. ಮೊದಲನೇದು..."

"ದೃಢ ನಿರ್ಧಾರ!"

"ಅಲ್ಲ. ನನ್ನಲ್ಲಿ ತಪ್ಪಿದೆ ಅಂತ ಒಪ್ಕೊಳ್ಳೋದು."

"ಒಪ್ಕೊಂಡೆ. ಎರಡನೇದು ದೃಢ ನಿರ್ಧಾರ."

ಮಗಳು ನೋಟ್‌ಬುಕ್ಕಿನಲ್ಲಿ 'ಒಪ್ಪಿಕೊಂಡಿಲ್ಲ' ಎಂದು ಬರೆದಳು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಕನ್ನಡಿಯ ಮುಂದೆ ನಿಂತು, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು, ಇನ್ನು ಮುಂದೆ ಯಾರ ಮಾತಿಗೂ ಬಾಲ ಅಂಟಿಸುವುದಿಲ್ಲವೆಂದು ಘನಘೋರ ಪ್ರತಿಜ್ಞೆ ಕೈಗೊಂಡರು. ಪ್ರತಿಜ್ಞೆ ಇಪ್ಪತ್ತು ನಿಮಿಷ ಬಾಳಿತು. ಐದನೇ ಮಹಡಿಯ ಲಿಫ್ಟಿನ ಬಳಿ ಎದುರುಮನೆಯಾಕೆ, "ಈ ಲಿಫ್ಟು ಕೊನೆಗೂ..." ಎಂದಳು.

"ಕೆಟ್ಟೋಯ್ತು! ನಂಗೊತ್ತಿತ್ತು!" ಎಂದ ಮೇಷ್ಟ್ರು ಐದೂ ಮಹಡಿ ಇಳಿದುಹೋದರು. ಸಂಜೆ ಐದೂ ಮಹಡಿ ಹತ್ತಿದರು. ಏದುಸಿರು ಬಿಡುತ್ತ ಮೇಲೆ ಬಂದಾಗ ಅದೇ ಆಕೆ ಲಿಫ್ಟಿನಿಂದ ಹೊರಬಂದು, "ರಿಪೇರಿ ಆಯ್ತು ಅಂತ ಬೆಳಿಗ್ಗೆ ಹೇಳೋಕೆ ಬಂದೆ, ನೀವು ನಿಲ್ಲಲೇ ಇಲ್ಲ," ಎಂದಳು.

"ಬರೀ ನಿರ್ಧಾರಕ್ಕೆ ಯಾವ ಚಟಾನೂ ಹೆದರಲ್ಲ ಅಪ್ಪ," ಎಂದು ಮಗಳು ಅವರ ಮುಂಗೈಗೆ ರಬ್ಬರ್ ಬ್ಯಾಂಡ್ ತೊಡಿಸಿದಳು. ಮಾತು ಕದ್ದಾಗಲೆಲ್ಲ ಅದನ್ನು ಎಳೆದು ಬಿಡಬೇಕು. ಚುರುಕ್ಕೆಂದರೆ ಮನಸ್ಸು ಪಾಠ ಕಲಿಯುತ್ತದೆ. ಮೊದಲ ದಿನ ಕಲಿತದ್ದು ಕೈ ಮಾತ್ರ. ಸಂಜೆಯ ಹೊತ್ತಿಗೆ ಟೊಮೆಟೊ ಬಣ್ಣಕ್ಕೆ ಬಂದಿತ್ತು. ಎರಡನೆಯ ದಿನ ಮೇಷ್ಟ್ರ ಮನಸ್ಸೂ ಚುರುಕಾಯಿತು, ಆದರೆ ಬೇರೆ ದಿಕ್ಕಿನಲ್ಲಿ. ಗಿರಾಕಿ ಒಳಗೆ ಬರುವ ಮೊದಲೇ 'ಫಟ್ ಫಟ್' ಎಂದು ಎರಡು ಸಲ ಮುಂಗಡ ಶಿಕ್ಷೆ ಅನುಭವಿಸಿ, ಆ ಪುಣ್ಯದಲ್ಲಿ ಇಡೀ ಫಲಕವನ್ನು ತಾವೇ ಓದಿಬಿಟ್ಟರು. ಕತ್ತಲಲ್ಲಿ ಆ ಸದ್ದು ಕೇಳಿದ ಮುದುಕಿಯೊಬ್ಬಳು ಕುರ್ಚಿಯ ಕೆಳಗೆ ಅಡಗಿದ್ದಳಂತೆ.

ಹದಿನೇಳನೆಯ ದೂರು.

ಮಗಳು ಒಂದು ಸಂಜೆಯೆಲ್ಲ ಪುಸ್ತಕ ತಿರುವಿ ಹಾಕಿ ಹೊರಬಂದಳು. "ಚಟ ಕಿತ್ತು ಹಾಕಿದ್ರೆ ಆ ಜಾಗ ಖಾಲಿ ಇರಲ್ಲ ಅಪ್ಪ, ಮತ್ತೆ ಅದೇ ಬಂದು ಕೂರತ್ತೆ. ಅದಕ್ಕೆ ಬೇರೆ ಏನಾದ್ರೂ ಅಲ್ಲಿ ಕೂರಿಸಬೇಕು." ಕೂರಿಸಿದ್ದು ಪೆಪ್ಪರಮಿಂಟನ್ನು. ಎದುರಿನವರು ಬಾಯಿ ತೆರೆದ ತಕ್ಷಣ ಮೇಷ್ಟ್ರೂ ಬಾಯಿ ತೆರೆಯಬೇಕು, ಆದರೆ ಒಂದು ಪೆಪ್ಪರಮಿಂಟು ಒಳಗೆ ಹಾಕಿಕೊಳ್ಳುವುದಕ್ಕೆ. ಕಡಿಯುವಂತಿಲ್ಲ. ಕರಗುವವರೆಗೆ ಮಾತಿಲ್ಲ.

ಆಶ್ಚರ್ಯವೆಂದರೆ, ಇದು ಫಲಿಸಿತು. ನಾಲಿಗೆಗೆ ಕೆಲಸ ಸಿಕ್ಕಿತು. ಬಾಯಿಂದ "ಊಂ" ಬಿಟ್ಟರೆ ಬೇರೇನೂ ಹೊರಡಲಿಲ್ಲ. ಕುರ್ಚಿಯಲ್ಲಿ ಕೂತವರು ನಿಧಾನವಾಗಿ ತಮ್ಮ ತಮ್ಮ ತಪ್ಪು ಅಕ್ಷರಗಳನ್ನು ತಾವೇ ಓದಿ, ತಮ್ಮ ತಮ್ಮ ಸರಿಯಾದ ಕನ್ನಡಕ ಹಾಕಿಕೊಂಡು ಹೋದರು.

ತೊಂದರೆ ಶುರುವಾದದ್ದು ಮನೆಯಲ್ಲಿ.

"ರೀ, ನಾಳೆ ಆ ನಲ್ಲಿ..." ಎಂದ ಹೆಂಡತಿ ಅಭ್ಯಾಸದಂತೆ ನಿಲ್ಲಿಸಿದಳು. ಮುಂದಿನದು ಗಂಡನ ಇಲಾಖೆ. ಮೇಷ್ಟ್ರು ಪೆಪ್ಪರಮಿಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿ ಅವಳನ್ನು ನೋಡಿದರು. ಅವಳು ಇವರನ್ನು ನೋಡಿದಳು.

"ನಲ್ಲಿ... ರಿಪೇರಿಯವನು... ಬರ್ತಾನೆ," ಎಂದಳು ಅವಳು, ತನ್ನ ಧ್ವನಿಯನ್ನು ತಾನೇ ಮೊದಲ ಸಲ ಕೇಳಿದವಳಂತೆ. ಆಮೇಲೆ ಗಾಬರಿಯಾಗಿ, "ಯಾಕ್ರೀ, ಹಲ್ಲುನೋವಾ? ನನ್ನ ಮೇಲೆ ಕೋಪಾನಾ?" ಎಂದಳು.

"ಊಂಊಂ."

ಎರಡು ದಿನ ಹೀಗೇ ಕುಂಟಿತು. ಮೂರನೆಯ ದಿನದಿಂದ ಅವಳ ವಾಕ್ಯಗಳಿಗೆ ಕಾಲು ಬಂದವು. ಒಂದು ವಾರದಲ್ಲಿ ಅವು ಓಡತೊಡಗಿದವು. ಗ್ರಂಥಾಲಯದ ಮೇಲಧಿಕಾರಿ ಹೇಗೆ ಮೂಗಿನಲ್ಲೇ ನಗುತ್ತಾನೆ, ಯಾವ ಪುಸ್ತಕದಲ್ಲಿ ಯಾರೋ ಒಣಮೀನಿನ ಮುಳ್ಳನ್ನು ಗುರುತಿಗೆ ಇಟ್ಟು ಮರಳಿಸಿದ್ದರು, ಎಲ್ಲ ಬಂತು. ಅವಳು ಅಷ್ಟು ತಮಾಷೆಯಾಗಿ ಮಾತಾಡಬಲ್ಲಳೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಒಮ್ಮೆ ನಗು ತಡೆಯಲಾರದೆ ಪೆಪ್ಪರಮಿಂಟನ್ನೇ ನುಂಗಿದರು.

ಒಂದು ಮಧ್ಯಾಹ್ನ ಅವಳು ಕಿಟಕಿಯ ಪರದೆ ನೋಡುತ್ತ, "ನನಗೆ ನೀಲಿ ಬಣ್ಣ..." ಎಂದಳು. ಮದುವೆಯಾದ ಹೊಸದರಲ್ಲಿ ಬಟ್ಟೆ ಅಂಗಡಿಯಲ್ಲಿ ಇದೇ ಮಾತು ಬಂದಿತ್ತು. "ಬಹಳ ಇಷ್ಟ!" ಎಂದು ಅಂದೇ ಮುಗಿಸಿದ್ದರು ಮೇಷ್ಟ್ರು. ಅಂದಿನಿಂದ ಇಂದಿನವರೆಗೆ ಪ್ರೀತಿ ಉಕ್ಕಿದಾಗಲೆಲ್ಲ ನೀಲಿಯನ್ನೇ ತಂದಿದ್ದರು.

"ನನಗೆ ನೀಲಿ ಬಣ್ಣ ಕಂಡ್ರೆ ಆಸ್ಪತ್ರೆ ವಾಸನೆ ಬಂದಂಗಾಗತ್ತೆ," ಎಂದಳು ಹೆಂಡತಿ.

ಮೇಷ್ಟ್ರು ಸುತ್ತ ನೋಡಿದರು. ಪರದೆ ನೀಲಿ. ಹೊದಿಕೆ ನೀಲಿ. ಗೋಡೆ, ಬಕೆಟ್ಟು, ಮಗ್ಗು, ಅವಳ ಕೊಡೆ, ಚಪ್ಪಲಿ, ಕೈಚೀಲ, ಎಲ್ಲ ನೀಲಿ. ಮಂಚದ ಕಾಲಿಗೂ ಅವರೇ ರಜಾದಿನ ಕೂತು ನೀಲಿ ಬಳಿದಿದ್ದರು. ಇಪ್ಪತ್ತೆರಡು ವರ್ಷ ಅವಳನ್ನು ವಾರ್ಡಿನಲ್ಲೇ ಇಟ್ಟಂತಾಗಿತ್ತು. ಪೆಪ್ಪರಮಿಂಟನ್ನು ಕೈಗೆ ಉಗಿದು ಕೇಳಿದರು:

"ಮತ್ತೆ ಯಾಕೆ ಇಷ್ಟು ದಿನ ಹೇಳಲಿಲ್ಲ?"

"ಹೇಳ್ತಾನೇ ಇದ್ದೆ."

ಮೇಷ್ಟ್ರು ಎದ್ದು ಕಿಟಕಿಯ ನೀಲಿ ಪರದೆ ಕಳಚತೊಡಗಿದರು. ಅಲ್ಲೇ ಕೂತಿದ್ದ ಮಗಳು ನೋಟ್‌ಬುಕ್ ತೆಗೆದು, 'ಒಪ್ಪಿಕೊಂಡಿಲ್ಲ' ಎಂಬುದನ್ನು ಹೊಡೆದು ಹಾಕಿದಳು.

ತಿಂಗಳ ಕೊನೆಗೆ ಮಾಲೀಕರು ಸ್ವತಃ ಪರೀಕ್ಷೆಯ ಕುರ್ಚಿಯಲ್ಲಿ ಬಂದು ಕೂತರು. ಕನ್ನಡಕ ಮಾರುವವರಾದರೂ ತಮಗೆ ಕನ್ನಡಕ ಬೇಕಿಲ್ಲ ಎನ್ನುವುದು ಅವರ ಜೀವಮಾನದ ಹೆಮ್ಮೆ. ಪ್ರತಿ ವರ್ಷ ಮೇಷ್ಟ್ರೇ ಪರೀಕ್ಷೆ ಮಾಡಿ "ಹದ್ದಿನ ಕಣ್ಣು" ಎಂದು ಪ್ರಮಾಣಪತ್ರ ಕೊಡುತ್ತಿದ್ದರು.

"ಗ... ಮ..." ಎಂದರು ಮಾಲೀಕರು. ಮೇಷ್ಟ್ರು ಮೂರು ಪೆಪ್ಪರಮಿಂಟು ಒಟ್ಟಿಗೆ ಬಾಯಿಗೆ ಎಸೆದುಕೊಂಡರು. "ಆಮೇಲೆ ಅದು... ಓ? ಇಲ್ಲ, ಠ. ಏನ್ರೀ ಇದು?" ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. ಎರಡೂ ಕೆನ್ನೆ ಉಬ್ಬಿದ್ದವು. ಕೈಗಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದವು. "ಕೆಳಗಿನ ಸಾಲು ಎಲ್ಲಿದೆ? ಅಳಿಸಿ ಹೋಗಿದ್ಯಾ? ಹೇಳ್ರೀ!"

"ಊಂ," ಎಂದರು ಮೇಷ್ಟ್ರು, ಅಷ್ಟೇ.

ಹದ್ದಿನ ಎರಡೂ ಕಣ್ಣಿಗೆ ದಪ್ಪ ಗಾಜು ಬೇಕಾಯಿತು. ಹೊಸ ಕನ್ನಡಕ ತೊಟ್ಟು ಮಾಲೀಕರು ತಮ್ಮ ಅಂಗಡಿಯನ್ನು ಬಹಳ ಹೊತ್ತು ನೋಡಿ, "ಇಷ್ಟೊಂದು ಧೂಳಿನಲ್ಲಿ ವ್ಯಾಪಾರ ಮಾಡ್ತಿದ್ನಾ!" ಎಂದು ನಿಟ್ಟುಸಿರಿಟ್ಟರು. ಮೇಷ್ಟ್ರ ಕುರ್ಚಿ ಉಳಿಯಿತು.

ಆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹಳದಿ ಪರದೆ ಹೊಲಿಯುವ ಕೆಲಸ ನಡೆದಿತ್ತು. ಹೆಂಡತಿ ನೆಲದ ಮೇಲೆ ಬಟ್ಟೆ ಹರಡಿ ಅಂಚು ಮಡಿಸುತ್ತಿದ್ದಳು, ಮೇಷ್ಟ್ರು ಇನ್ನೊಂದು ತುದಿ ಹಿಡಿದಿದ್ದರು. ಬದಲಾದ ಮನುಷ್ಯನ ತೃಪ್ತಿಯಿಂದ ಅವರ ಮುಖ ಹೊಳೆಯುತ್ತಿತ್ತು. ಇದ್ದಕ್ಕಿದ್ದಂತೆ ಆ ಹೊಳಪು ಆರಿತು. ಅವರಿಗೊಂದು ಯೋಚನೆ ಬಂದಿತ್ತು.

ಅವರಿಬ್ಬರದು ಪ್ರೇಮವಿವಾಹ. ಅವಳು ಕಣ್ಣು ತೋರಿಸಲು ಅಂಗಡಿಗೆ ಬಂದಿದ್ದಳು. ಕತ್ತಲೆ ಕೋಣೆಯಲ್ಲಿ, ಮೂಗಿನ ಮೇಲೆ ಪರೀಕ್ಷೆಯ ದೊಡ್ಡ ಚೌಕಟ್ಟು ಹೊತ್ತು, ಅವರ ಕಡೆ ತಿರುಗಿ, "ನನಗೆ ನೀವು..." ಎಂದಿದ್ದಳು. "ಇಷ್ಟ ಆಗಿದ್ದೀರಿ! ನನಗೂ ಅಷ್ಟೇ!" ಎಂದು ಕೂಗಿದ್ದರು ಯುವಕ ಮೇಷ್ಟ್ರು. ಈ ಪ್ರಸಂಗವನ್ನು ನೆಂಟರ ಮುಂದೆ ಅವರು ಇನ್ನೂರು ಸಲವಾದರೂ ಹೇಳಿದ್ದರು.

"ಲೇ," ಎಂದರು ಈಗ. "ಆವತ್ತು ನೀನು 'ನನಗೆ ನೀವು' ಅಂದ್ಯಲ್ಲ. ಮುಂದೆ ಏನು ಹೇಳೋದಿತ್ತು?"

ಸೋಫಾದಲ್ಲಿ ಕೂತು ಬರೆಯುತ್ತಿದ್ದ ಮಗಳು ಪೆನ್ನು ಕೆಳಗಿಟ್ಟು ತಲೆಯೆತ್ತಿದಳು.

"ಹೋಗಲಿ ಬಿಡಿ, ಹಳೇದು," ಎಂದಳು ಹೆಂಡತಿ.

"ಹೇಳು. ಮಧ್ಯೆ ಬಾಯಿ ಹಾಕಲ್ಲ."

"ನನಗೆ ನೀವು ಕಾಣಿಸ್ತಾನೇ ಇಲ್ಲ, ಗಾಜು ಬದಲಾಯಿಸಿ."

ಮಗಳು ಸೋಫಾದಿಂದ ಕೆಳಕ್ಕೆ ಜಾರಿದಳು. ಮೇಷ್ಟ್ರು ಹಳದಿ ಬಟ್ಟೆಯ ತುದಿ ಹಿಡಿದೇ ಹೆಂಡತಿಯತ್ತ ಎರಡು ಹೆಜ್ಜೆ ಬಂದರು.

"ಮತ್ತೆ... ಅಲ್ಲೇ ಹೇಳಬಾರದಿತ್ತಾ?"

"ಯಾರಿಗೆ ಹೇಳೋದು? ಅಷ್ಟರಲ್ಲಿ ನೀವು ಹೊರಗೆ ಓಡಿ ಅಂಗಡಿಗೆಲ್ಲ ಸಾರಿಬಿಟ್ಟಿದ್ರಿ. ಅವರೆಲ್ಲ ಚಪ್ಪಾಳೆ ಹೊಡೀತಿದ್ರು. ಮಾರನೇ ದಿನ ನಿಮ್ಮಮ್ಮ ನಮ್ಮನೆಗೇ ಬಂದ್ರು. ನನ್ನ ಕನ್ನಡಕ ತಯಾರಾಗೋಕೆ ಹತ್ತು ದಿನ ಹಿಡೀತು."

"ಹತ್ತು ದಿನ ಆದ ಮೇಲೆ ಕನ್ನಡಕ ಬಂತಲ್ಲ," ಎಂದರು ಮೇಷ್ಟ್ರು. ಧ್ವನಿ ಸಣ್ಣಗಾಗಿತ್ತು. "ಹಾಕ್ಕೊಂಡು ನನ್ನ ನೋಡಿದ್ಯಲ್ಲ?"

"ನೋಡಿದೆ."

"ಸರಿಯಾಗಿ?"

"ಚೆನ್ನಾಗೇ ನೋಡಿದೆ."

"ನೋಡಿ?"

ಹೆಂಡತಿ ಕೈಯ ಕೆಲಸ ನಿಲ್ಲಿಸಿ ಅವರತ್ತ ತಲೆಯೆತ್ತಿದಳು. ಮೇಲಿನಿಂದ ಕೆಳಗಿನವರೆಗೆ, ಫಲಕದ ಸಾಲುಗಳನ್ನು ಓದುವವಳಂತೆ, ನಿಧಾನವಾಗಿ ನೋಡಿದಳು. ತುಟಿಯಂಚಿನಲ್ಲಿ ಏನೋ ಒಂದು ಅಲುಗಾಡಿತು.

"ನೋಡಿದ ತಕ್ಷಣ ನನಗೆ..." ಎಂದವಳು, ಪೆಟ್ಟಿಗೆಯಿಂದ ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡು, ಮತ್ತೆ ಪರದೆಯ ಮೇಲೆ ಬಾಗಿದಳು.