ಟೈಮ್‌ಟೇಬಲ್ ಮಾಸ್ತರ ನಪಾಸಾದದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಗುಟ್ಟಾಗಿ ಹೇಳಬೇಕಾದ್ದೇನಿಲ್ಲ. ಚಿತ್ತಾಪುರದಲ್ಲಿ ನಮ್ಮ ಶಾಲೆಯ ಮುಂದೆ ಹಾದುಹೋಗುವ ಎತ್ತುಗಳಿಗೂ ಗೊತ್ತಿರುವ ಸಂಗತಿ. ಬಿಸಿಲಿಗೆ ಸಿಟ್ಟಾಗುತ್ತೇನೆ, ಹೊತ್ತಿಗೆ ಬಾರದ ರೈಲಿಗೆ ಸಿಟ್ಟಾಗುತ್ತೇನೆ, ತಣ್ಣಗಾದ ಚಹಾಕ್ಕೆ ಸಿಟ್ಟಾಗುತ್ತೇನೆ. ಇವೆಲ್ಲ ಬಂದು ಹೋಗುವ ಸಿಟ್ಟುಗಳು. ನನ್ನೊಳಗೆ ಕಾಯಮ್ಮಾಗಿ ಠಿಕಾಣಿ ಹೂಡಿರುವ ಸಿಟ್ಟು ಒಂದೇ: ಹೇಗೆ ಬೇಕೋ ಹಾಗೆ ಓದಿ ಪಾಸಾಗುವವರ ಮೇಲಿನದು. ಕ್ರಮವಾಗಿ ಓದಿದವನು ಪಾಸಾಗಬೇಕು, ಅಡ್ಡಾದಿಡ್ಡಿ ಓದಿದವನು ನಪಾಸಾಗಬೇಕು. ಇಷ್ಟು ಸಣ್ಣ ನ್ಯಾಯವನ್ನೂ ಕೊಡಲಾಗದ ಮೇಲೆ ಈ ಜಗತ್ತಿನಲ್ಲಿ ಪರೀಕ್ಷೆಗಳಾದರೂ ಯಾಕಿರಬೇಕು? ಅಂಗಾತ ಮಲಗಿ ಪುಟಾಣಿ ಜಗಿಯುತ್ತ ಓದಿದವನು ಮೊದಲ ನಂಬರಿಗೆ ಬಂದರೆ, ಬೆನ್ನು ನೆಟ್ಟಗೆ ಮಾಡಿಕೊಂಡು ಓದಿ ಸೊಂಟ ಹಿಡಿಸಿಕೊಂಡವನು ಹೋಗಿ ಯಾರನ್ನು ಕೇಳಬೇಕು?

ನಾನು ಲೆಕ್ಕ ಮತ್ತು ಭೂಗೋಳದ ಮಾಸ್ತರ. ವರ್ಷದ ಮೊದಲ ದಿನ ಪಾಠ ಮಾಡುವುದಿಲ್ಲ. ಓದುವುದು ಹೇಗೆ ಎಂದು ಭಾಷಣ ಮಾಡುತ್ತೇನೆ. ಬೇಗ ಏಳಬೇಕು, ಪೂರ್ವಕ್ಕೆ ಮುಖ ಮಾಡಿ ಕೂಡಬೇಕು, ಓದುವಾಗ ತಿನ್ನಬಾರದು, ತಿನ್ನುವಾಗ ಓದಬಾರದು, ಒಂದು ವಿಷಯ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು. ಪ್ರತಿಯೊಬ್ಬನೂ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಬೇಕು. ಹುಡುಗರು ನನಗೆ ಟೈಮ್‌ಟೇಬಲ್ ಮಾಸ್ತರ ಎಂದು ಹೆಸರಿಟ್ಟಿದ್ದಾರೆ. ಅಣಕಕ್ಕೆ ಇಟ್ಟದ್ದು, ನಾನು ಬಿರುದೆಂದೇ ತಿಳಿದಿದ್ದೇನೆ. ಆ ಭಾಷಣದ ಕೊನೆಯ ಮಾತು ಯಾವಾಗಲೂ ಒಂದೇ: 'ಅಭ್ಯಾಸವೇ ವಿದ್ಯಾರ್ಥಿಯ ಯಜಮಾನ.' ಇದನ್ನು ನಾನೇ ಕಟ್ಟಿದ್ದು. ಹುಡುಗರು ಯಾರೋ ದೊಡ್ಡವರು ಹೇಳಿದ್ದೆಂದು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಆದರೆ ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಭೂಗೋಳವನ್ನು ಜುಗ್ರಾಫಿಯಾ ಎಂದು, ಲೆಕ್ಕವನ್ನು ಹಿಸಾಬ್ ಎಂದು ಕಲಿತವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು; ನಮ್ಮ ಸೀಮೆಯಲ್ಲಿ ನನ್ನ ವಾರಿಗೆಯ ಎಲ್ಲರ ಕಥೆಯೂ ಇದೇ. ಪೊಲೀಸ್ ಆಕ್ಷನ್ ಆಗಿ ಉರ್ದು ಸರ್ಕಾರ ಹೋದ ಮೇಲೆ ಶಾಲೆಗಳಿಗೆ ಕನ್ನಡ ಬಂತು. ಬರಲಿ, ಬರಬೇಕಾದದ್ದೇ ಎಂದು ನಾನೂ ಚಪ್ಪಾಳೆ ತಟ್ಟಿದೆ. ಅದರ ಬೆನ್ನಿಗೇ, ಉರ್ದುವಿನಲ್ಲಿ ಓದಿದ ಮಾಸ್ತರರೆಲ್ಲ ಕನ್ನಡದ ಪರೀಕ್ಷೆಗೆ ಕೂಡಬೇಕೆಂಬ ಹುಕುಂ ಬಂದಾಗ ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಕನ್ನಡ ನನ್ನ ಬಾಯಲ್ಲಿತ್ತು, ಬೆರಳಿನಲ್ಲಿರಲಿಲ್ಲ. ಒತ್ತಕ್ಷರ ಬಂದಲ್ಲಿ ನನ್ನ ಲೇಖನಿ ಹಳ್ಳ ಕಂಡ ಎತ್ತಿನಂತೆ ನಿಂತುಬಿಡುತ್ತಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆದು ಹೇಳಿದರು: "ಪಾಸ್ ಆದ್ರ ಇಲ್ಲೇ ಪಕ್ಕಾ ಆಗ್ತೀರಿ ಮಾಸ್ತರ್. ನಪಾಸ್ ಆದ್ರ ಕುಂಚಾವರಂಕ ಒಗೀತಾರ ನೋಡ್ರಿ. ಆಮ್ಯಾಲ ನನ್ನ ಮುಂದ ಬಂದು ಒದರಬ್ಯಾಡ್ರಿ."

ಕುಂಚಾವರಂ ಎಂದರೆ ಚಿಂಚೋಳಿಯಿಂದಲೂ ಆಚೆ. ಅಡವಿಯ ನಡುವೆ ಅಲ್ಲೊಂದು ಇಲ್ಲೊಂದು ಗುಡಿಸಲು, ಏನು ಕೇಳಿದರೂ ಉತ್ತರ ಬರುವುದು ತೆಲುಗಿನಲ್ಲಿ. ನನಗೆ ತೆಲುಗಿನ ಒಂದು ಅಕ್ಷರವೂ ಬಾರದು. ಬೈಯಲಿಕ್ಕೂ ಬಾರದ ಭಾಷೆಯ ಊರಿನಲ್ಲಿ ನನ್ನಂಥವನು ಹೇಗೆ ಬದುಕಬೇಕು? ಅಂದೇ ಗೋಡೆಗೆ ಹೊಸ ವೇಳಾಪಟ್ಟಿ ಹಚ್ಚಿದೆ.

ಇಷ್ಟೇ ಆಗಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಅದೇ ಪರೀಕ್ಷೆಗೆ ನನ್ನ ಹೆಂಡತಿಯೂ ಕೂತಳು. ಶರಣಮ್ಮ ಸೇಡಂನವಳು. ಅವಳ ತಂದೆ ಮಠದಲ್ಲಿ ವಚನ ಓದಿ ಅರ್ಥ ಹೇಳುತ್ತಿದ್ದವರು. ಮಗಳಿಗೂ ಕನ್ನಡ ಓದು ಬರಹ ಕಲಿಸಿದ್ದರು. ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಬಲ್ಲವರು ಸಿಗದೆ ಅವಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಪಕ್ಕಾ ಆಗಬೇಕೆಂದರೆ ಅವಳೂ ಪಾಸಾಗಬೇಕು. ಆಗಲಿ, ಒಂದೇ ಮನೆಯಲ್ಲಿ ಇಬ್ಬರೂ ಶಿಸ್ತಿನಿಂದ ಓದೋಣ ಎಂದು ನಾನು ಅವಳಿಗೂ ಒಂದು ವೇಳಾಪಟ್ಟಿ ಬರೆದುಕೊಟ್ಟೆ. ಮರುದಿನ ಅದರ ಮೇಲೆ ಹಪ್ಪಳ ಒಣಗಲು ಹಾಕಿದ್ದಳು.

ಅವಳು ಓದುವ ಚೆಂದವನ್ನು ಹೇಗೆ ಹೇಳಲಿ! ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುವುದು, ಎರಡೂ ಕೈಯಿಂದ ರೊಟ್ಟಿ ಬಡಿಯುವುದು, ಬಡಿತದ ತಾಳಕ್ಕೆ ಪದ್ಯ ಹೇಳುವುದು. ಹಾಳೆ ತಿರುವಬೇಕಾದಾಗ ಮೊಣಕೈ. ನಡುವೆ ಪಕ್ಕದ ಮನೆಯ ಹೆಂಗಸರು ಬಂದರೆ ಅವರಿಗೆ ಪಾಠದ ಕಥೆ ಹೇಳುವುದು, ಅವರು "ಆಮ್ಯಾಲ ಏನಾತವ್ವ?" ಎಂದರೆ ಒಲೆಯ ಮೇಲಿನ ರೊಟ್ಟಿ ಸೀದರೂ ಲೆಕ್ಕವಿಲ್ಲ. ಒಮ್ಮೆಯಂತೂ ಪದ್ಯ ಬರೆದ ಕವಿಯನ್ನೇ ತರಾಟೆಗೆ ತೆಗೆದುಕೊಂಡಳು. "ಇವಗ ಹೆಣ್ಣಮಕ್ಕಳ ಬಾಳೇವು ಏನ್ ಗೊತ್ತದ? ಒಂದ್ ದಿನಾ ನೀರ ಹೊತ್ತಿದ್ರ ಹಿಂಗ ಬರೀತಿದ್ದಿಲ್ಲ." ಕವಿಯ ಮೇಲೆ ಸಿಟ್ಟಾಗಲು ಪರೀಕ್ಷೆಗೆ ಕೂಡುವವರಿಗೆ ಹಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ರಕ್ತ ಕುದಿಯಿತು. "ಏನಿದು ಓದೋ ರೀತಿ? ಪುಸ್ತಕಕ್ಕ ಹಿಟ್ಟ ಹತ್ತ್ಯದ ನೋಡು!" ಎಂದು ಗದರಿದೆ.

"ಹಿಟ್ಟ ಹತ್ತಿದ ಹಾಳಿನೇ ನನಗ ಛಲೋ ನೆನಪಿರ್ತದ್ರಿ" ಎಂದಳು. "ನೀವು ಅಷ್ಟೊತ್ತಿಂದ ಏನ್ ಓದಲಾಕತ್ತೀರಿ? ಅದರ ಅರ್ಥ ಹೇಳ್ರಿ, ಕೇಳೋಣು."

ಅರ್ಥ ಕೇಳುವುದು ಉದ್ಧಟತನ. ಹೆಂಡತಿಯನ್ನು ಕೇಳಿ ತಿಳಿಯುವುದು ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಮೇಜಿಗೆ ಬಟ್ಟೆ ಹಾಸಿ, ಕಿಟಕಿ ಮುಚ್ಚಿ, ಅವ್ವನಿಗೆ ಕೆಮ್ಮಬಾರದೆಂದು ತಾಕೀತು ಮಾಡಿ ಬಾಯಿಪಾಠಕ್ಕೆ ಕೂತೆ. ಪ್ರಬಂಧ ಬರುವುದು ಖಚಿತವಿತ್ತು. ಮಾಸ್ತರರಿಗೆ ಇಡುವ ಪರೀಕ್ಷೆಯಲ್ಲಿ 'ವಿದ್ಯಾರ್ಥಿಗಳ ಓದಿನ ಅಭ್ಯಾಸ'ವಲ್ಲದೆ ಇನ್ನೇನು ಕೇಳುತ್ತಾರೆ? ನನ್ನ ಮೊದಲ ದಿನದ ಭಾಷಣವನ್ನೇ ಶುದ್ಧ ಕನ್ನಡಕ್ಕೆ ಇಳಿಸಿ, 'ಮೊದಲನೆಯದಾಗಿ'ಯಿಂದ ಹಿಡಿದು 'ಒಟ್ಟಿನಲ್ಲಿ ಹೇಳುವುದಾದರೆ' ತನಕ ಉರುಹೊಡೆದೆ.

ಪರೀಕ್ಷೆ ಶಹಾಬಾದಿನಲ್ಲಿ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ನಾನು ಕಣ್ಣು ಮುಚ್ಚಿ ಪ್ರಬಂಧ ಒಪ್ಪಿಸಿಕೊಳ್ಳುತ್ತಿದ್ದರೆ, ಶರಣಮ್ಮ ಸಿಮೆಂಟ್ ಕಾರ್ಖಾನೆಯ ಕೆಲಸಗಾರನ ಹೆಂಡತಿಯೊಬ್ಬಳ ಜೊತೆ ಹರಟೆಗೆ ಕೂತಳು. ಆ ಹೆಂಗಸಿನ ಮಗಳು ಯಾವ ಪಾಠವನ್ನು ತಮ್ಮನಿಗೆ ಹೇಳಿಕೊಡುತ್ತಾಳೋ ಅದು ಮಾತ್ರ ಅವಳಿಗೆ ಮರೆಯುವುದಿಲ್ಲವಂತೆ. ಪರೀಕ್ಷೆಯ ದಿನ ಇಂಥ ಕಾಡುಹರಟೆ ಕೇಳುವವಳನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಉರಿ ಆರಿತು. ನಾನೆಂದಂತೆಯೇ ಪ್ರಶ್ನೆ ಇತ್ತು: ಓದಿನ ಅಭ್ಯಾಸಕ್ಕೂ ಫಲಿತಾಂಶಕ್ಕೂ ಇರುವ ಸಂಬಂಧವನ್ನು ಕುರಿತು ಪ್ರಬಂಧ ಬರೆಯಿರಿ! ಹೊಲಿದ ಹಾಳೆಗಳನ್ನು ಮುಂದಿಟ್ಟುಕೊಂಡು ತಲೆ ಎತ್ತದೆ ಬರೆದೆ. ಹೊರಗೆ ಬಂದಾಗ ಶರಣಮ್ಮ, "ನಾ ಏನ್ ಬರೀಲಿ, ವಾಡ್ಯಾಗ ಆ ಹೆಣ್ಣಮಗಳು ಹೇಳಿದ್ದೇ ಬರದು ಬಂದೆ" ಎಂದಳು. ಪಾಪ ಎನ್ನಿಸಿತು. ಆ ದಿನ ಅವಳಿಗೆ ನಾನೇ ಜಿಲೇಬಿ ಕೊಡಿಸಿದೆ.

ಅವಳು ಪಾಸಾದಳು. ನಾನು ನಪಾಸಾದೆ.

ನನ್ನ ಸಿಟ್ಟನ್ನು ಇಲ್ಲಿ ವರ್ಣಿಸುವುದಿಲ್ಲ, ಹಾಳೆಗೆ ಬೆಂಕಿ ಹತ್ತೀತು. ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರನ್ನು ವರಾಂಡದಲ್ಲೇ ತಡೆದು ನ್ಯಾಯ ಕೇಳಿದೆ. ಅವರು ತಿಳಿದುಕೊಂಡು ಹೇಳುತ್ತೇನೆಂದರು; ಮುಂದಿನ ಸಲ ಬಂದಾಗ ಹೇಳಿಯೂಬಿಟ್ಟರು. ನಾನು ಹಾಳೆಗಳನ್ನು ಹಿಂದಿನ ಕಡೆಯಿಂದ ಬರೆದಿದ್ದೆನಂತೆ! ಉರ್ದು ಪುಸ್ತಕ ತೆರೆಯುವುದೇ ಆ ಕಡೆಯಿಂದ. ಬಾಲ್ಯದಿಂದ ಬರೆದ ಪ್ರತಿಯೊಂದು ಪರೀಕ್ಷೆಯನ್ನೂ ನಾನು ಆ ಕಡೆಯಿಂದಲೇ ಶುರುಮಾಡಿದ್ದು. ಸಾಲು ಎಡದಿಂದ ಬಲಕ್ಕೆ ಹೋಗಬೇಕೆಂದು ತಲೆಗೆ ಗೊತ್ತಿತ್ತು. ಹಾಳೆಯೂ ಹಾಗೇ ಹೋಗಬೇಕೆಂದು ಕೈಗೆ ಯಾರೂ ಹೇಳಿರಲಿಲ್ಲ. ಪರೀಕ್ಷಕರು ಧಾರವಾಡದ ಕಡೆಯವರು, ಎಡದಿಂದ ಓದಿದರು. ನನ್ನ ಪ್ರಬಂಧ 'ಒಟ್ಟಿನಲ್ಲಿ ಹೇಳುವುದಾದರೆ' ಎಂದು ಶುರುವಾಗಿ, ನಡುನಡುವೆ ರುಂಡ ಮುಂಡ ಬೇರೆಯಾದ ವಾಕ್ಯಗಳಲ್ಲಿ ಮುಗ್ಗರಿಸಿ, 'ಮೊದಲನೆಯದಾಗಿ'ಯ ಹತ್ತಿರ ಬಂದು ಮುಗಿದಿತ್ತು. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದಾರೆ ಎಂದು ಅವರು ಷರಾ ಬರೆದರಂತೆ. ಹಾಳೆಯ ದಿಕ್ಕು ಅವರಿಗೆ ತಿಳಿಯಲಿಲ್ಲ, ನಿಜ. ಆದರೆ ಈ ಮಾತು ಮಾತ್ರ ಸರಿಯಾದ ಜಾಗಕ್ಕೇ ನಾಟಿತು.

"ನೀವೇ ಬರದೀರಲ್ಲ ಮಾಸ್ತರ್, ಅಭ್ಯಾಸವೇ ಯಜಮಾನ ಅಂತ" ಎಂದರು ಸಾಹೇಬರು, ನಗುವನ್ನು ಮೀಸೆಯಲ್ಲಿ ಹಿಡಿದಿಟ್ಟುಕೊಂಡು. "ಯಜಮಾನ ನಿಮ್ಮ ಮಾತು ಕೇಳಿಲ್ಲ ನೋಡ್ರಿ."

ಹೆಡ್‌ಮಾಸ್ತರರೂ ನಕ್ಕರು. ಜವಾನನೂ ನಕ್ಕ. ನಾನು ಮನೆಗೆ ಬಂದು ಹಾಸಿಗೆ ಸುತ್ತಿ, ಟ್ರಂಕು ಕಟ್ಟಿ, ಕುಂಚಾವರಂನ ಹುಕುಮಿಗಾಗಿ ಕಾಯುತ್ತ ಕೂತೆ.

ಹುಕುಂ ಬಂತು. ಶರಣಮ್ಮನ ಹೆಸರಿಗೆ.

ಕುಂಚಾವರಂನಲ್ಲಿ ಹೊಸದಾಗಿ ಕನ್ನಡ ಶಾಲೆ ತೆರೆಯುತ್ತಾರಂತೆ, ಅದಕ್ಕೆ ಪಾಸಾದವರೇ ಬೇಕಂತೆ. ನಾನು ಮತ್ತೆ ಸಾಹೇಬರ ಹತ್ತಿರ ಓಡಿದೆ. ನಪಾಸಾದವನು ನಾನು, ಒಗೆಯುವುದಿದ್ದರೆ ನನ್ನನ್ನು ಒಗೆಯಿರಿ ಎಂದು ಕೂಗಾಡಿದೆ. ಅವರು ಶಾಂತವಾಗಿ ಹೇಳಿದರು: "ಕನ್ನಡ ಬರಲಾರದ ಮಾಸ್ತರನ್ನ ಅಲ್ಲಿಗಿ ಕಳಿಸಿ ಏನ್ ಮಾಡ್ಲಿರಿ? ಪಾಸ್ ಆಗಿ ಬರ್ರಿ, ನೋಡೋಣು." ಯಾವ ಊರಿಗೆ ಹೋಗಬಾರದೆಂದು ವರ್ಷವಿಡೀ ಓದಿದೆನೋ, ಈಗ ಅದೇ ಊರಿಗೆ ಹೋಗಲು ಓದಬೇಕು. ಇಂಥ ಸರ್ಕಾರದ ಮೇಲೆ ಎಷ್ಟು ಸಿಟ್ಟಾದರೂ ಸಾಲದು.

ಅವ್ವನಾದರೂ ನನ್ನ ಪಕ್ಷ ವಹಿಸುತ್ತಾಳೆಂದುಕೊಂಡಿದ್ದೆ. ಅವಳೂ ಗಂಟು ಕಟ್ಟಿದಳು. "ಹೆಣ್ಣಮಗಳು ಒಬ್ಬಾಕಿ ಹೆಂಗ ಇರ್ತಾಳಪ್ಪ? ನಾ ಹೋಗ್ತೀನಿ ಸೊಸಿ ಸಂಗಟ. ಅಲ್ಲಿ ಕೆಮ್ಮಲಿಕ್ಕರ ಬಿಡ್ತಾಳ."

ಅವರು ಹೊರಡುವ ಮುಂಚಿನ ದಿನಗಳಲ್ಲಿ ನಾನು ಮೇಜು ಬಿಟ್ಟು ಒಲೆಯ ಮುಂದೆ ಕೂತೆ. ಶರಣಮ್ಮ ರೊಟ್ಟಿ ಬಡಿಯುವಳು, ನಾನು ಓದುವೆನು. ಎರಡು ಸಾಲು ಓದುವುದರೊಳಗೆ ಅವಳು ತಡೆಯುತ್ತಿದ್ದಳು. "ಹಂಗಂದ್ರ ಏನ್ರಿ?" ನನಗೆ ತಿಳಿಯುತ್ತಿರಲಿಲ್ಲ, ಪುಸ್ತಕ ಎಸೆದು ಎದ್ದುಹೋಗುತ್ತಿದ್ದೆ. ಹಸಿವಾದಾಗ ತಿರುಗಿ ಬಂದರೆ ಪ್ರಶ್ನೆ ಅಲ್ಲೇ ಇರುತ್ತಿತ್ತು. ಉತ್ತರ ಹೇಳಿದ ಮೇಲೆಯೇ ರೊಟ್ಟಿ. ಹೀಗೆ ನನ್ನ ಕನ್ನಡ ಹೊಟ್ಟೆಯ ಮೂಲಕ ತಲೆಗೆ ಏರಿತು. ನಾಚಿಕೆಯಾಗುತ್ತದೆ, ಆದರೆ ಬಾಯಿಪಾಠ ಮಾಡಿದ್ದು ಒಂದೂ ಉಳಿಯಲಿಲ್ಲ, ಜಗಳವಾಡಿ ತಿಳಿದದ್ದು ಒಂದೂ ಮರೆಯಲಿಲ್ಲ. ಅವಳು ಹೋದ ಮೇಲೆ ಮತ್ತೆ ಶಹಾಬಾದಿಗೆ ಹೋದೆ. ಹಾಳೆ ಯಾವ ಕಡೆಯಿಂದ ತೆರೆಯಬೇಕೆಂದು ಮರೆಯದಿರಲು ಎಡಗೈಗೆ ಕೆಂಪು ದಾರ ಕಟ್ಟಿಕೊಂಡಿದ್ದೆ. ಪಾಸಾದೆ. ಬರಿಯ ಪಾಸಲ್ಲ, ಚೆನ್ನಾಗಿಯೇ ಪಾಸಾದೆ.

ಕುಂಚಾವರಂಗೆ ವರ್ಗ ಕೇಳಿಕೊಂಡು ಹೋದಾಗ ಹೆಡ್‌ಮಾಸ್ತರರು ನನ್ನನ್ನು ಅಪ್ಪಿಕೊಂಡರು. "ಕನ್ನಡದಾಗ ಲೆಕ್ಕ ಕಲಸೋರು ನಮ್ಮಲ್ಲಿ ಈಗ ನೀವೊಬ್ರೇ ಇದ್ದೀರಿ. ನಿಮ್ಮನ್ನ ಹ್ಯಾಂಗ ಬಿಡ್ಲಿ?" ಎಂದರು. ಇನ್‌ಸ್ಪೆಕ್ಟರ್ ಸಾಹೇಬರೂ ಅದನ್ನೇ ಹೇಳಿದರು. ನಪಾಸಾದಾಗ ಯಾರಿಗೂ ಬೇಡವೆಂದು ಇಲ್ಲಿ ಉಳಿದಿದ್ದೆ, ಪಾಸಾದ ಮೇಲೆ ಬೇಕೆಂದು ಇಲ್ಲೇ ಉಳಿದೆ. ಓದಿನ ಅಭ್ಯಾಸಕ್ಕೂ ಫಲಿತಾಂಶಕ್ಕೂ ಇರುವ ಸಂಬಂಧವೇನು ಎಂದು ಈಗ ನನ್ನನ್ನು ಕೇಳಿ ನೋಡಿ, ಕೈಗೆ ಸಿಕ್ಕದ್ದನ್ನು ಎತ್ತಿ ಬೀಸುತ್ತೇನೆ.

ದಸರೆಯ ರಜೆಗೆ ಶರಣಮ್ಮ ಬಂದಳು. ಬಂದ ದಿನವೇ ಬಾಗಿಲಿಗೆ ಬುಟ್ಟಿ ಮಾರುವ ತೆಲುಗಿನವಳೊಬ್ಬಳು ಬಂದಿದ್ದಳು. ಶರಣಮ್ಮ ಹೊಸ್ತಿಲಲ್ಲಿ ಕೂತು ಅವಳ ಜೊತೆ ತೆಲುಗಿನಲ್ಲಿ ಮಾತಾಡಿದಳು, ಚೌಕಾಸಿ ಮಾಡಿದಳು, ನಕ್ಕಳು, ಏನನ್ನೋ ಹೇಳಿ ಅವಳನ್ನೂ ನಗಿಸಿದಳು. ನಾನು ಬಾಗಿಲ ಹಿಂದೆ ನಿಂತು ಉರಿದುಹೋದೆ. ನಾನು ಎರಡು ಸಲ ಶಹಾಬಾದಿಗೆ ಹೋಗಿ, ಸೊಂಟ ಹಿಡಿಸಿಕೊಂಡು, ಊರಿನ ಬಾಯಿಗೆ ಬಿದ್ದು, ಸ್ವಂತ ಭಾಷೆಯ ಪರೀಕ್ಷೆ ದಾಟುವಷ್ಟರಲ್ಲಿ ಇವಳಿಗೆ ಪರರ ಭಾಷೆ ಬಂದುಬಿಡುವುದೆಂದರೇನು?

"ಯಾವ ಪುಸ್ತಕ ಓದ್ದಿ? ದಿನಾ ಎಷ್ಟೊತ್ತು ಓದ್ತಿದ್ದಿ?" ಎಂದು ಅಬ್ಬರಿಸಿದೆ.

"ಓದಿಲ್ರೀ" ಎಂದಳು, ಕೊಂಡ ಬುಟ್ಟಿಯನ್ನು ತಿರುಗಿಸಿ ನೋಡುತ್ತ. "ಅಲ್ಲಿ ಜಗಳಾಡಲಿಕ್ಕ ನೀವ್ ಇದ್ದಿಲ್ಲ. ಸಂಜಿಕ ಭಾಳ ಬ್ಯಾಸರ ಆಗ್ತಿತ್ತು. ಯಾರ್ ಸಿಕ್ಕರ ಅವರ ಸಂಗಟ ಮಾತಾಡಿದೆ."

ಸಿಟ್ಟಾಗಬೇಕೆಂದು ಬಾಯಿ ತೆರೆದೆ. ಎಷ್ಟು ಹುಡುಕಿದರೂ ಸಿಟ್ಟು ಬರಲಿಲ್ಲ. ಅದಕ್ಕೇ ಮತ್ತಷ್ಟು ಸಿಟ್ಟು ಬಂತು.